ಕುಂಚ ಹಿಡಿಯುವ ಕೈಗೆ ಗ್ಲೌಸ್ ಹಾಕುವ ಮುನ್ನ: ಕಲಾ ಕಾಲೇಜಿನವರಿಗೆ ಕಾದಾಟದ ಕ್ರೀಡೆಯ ಮಾರ್ಗದರ್ಶಿ

ಬಿವಿಎ, ಅಂದರೆ ದೃಶ್ಯಕಲೆಯ ಪದವಿಗೆ, ಸೇರಿದವರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಬಾಕ್ಸಿಂಗ್‌ಗೋ ಕುಸ್ತಿಗೋ ಜೂಡೋಗೋ ಹೋದರೆ ಚಿತ್ರ ಬರೆಯುವ ಕೈ ಕೆಡುತ್ತದೆಯೇ? ಎರಡಕ್ಕೂ ಸಮಯ ಸಾಲುತ್ತದೆಯೇ? ಸಮಯದ್ದು ಅಷ್ಟು ದೊಡ್ಡ ಸಮಸ್ಯೆಯಲ್ಲ. ವಾರಕ್ಕೆ ಐದಾರು ಗಂಟೆ ಹೇಗೋ ಹೊಂದುತ್ತದೆ. ತಾಪತ್ರಯವೆಲ್ಲ ಕೈಯದ್ದು. ಹಗಲಿಡೀ ಚಾರ್‌ಕೋಲ್, ಕುಂಚ, ಉಳಿ ಹಿಡಿದ ಬೆರಳುಗಳೇ ಸಂಜೆ ಬ್ಯಾಗಿಗೆ ಗುದ್ದಬೇಕು, ಎದುರಾಳಿಯ ಜಾಕೆಟ್ ಹಿಡಿದು ಎಳೆಯಬೇಕು. ಗಡಿಯಾರ ನೋಡಿ ವೇಳಾಪಟ್ಟಿ ಹಾಕಿಕೊಂಡವರು ಎಡವುವುದು ಇಲ್ಲೇ. ಕೈ ನೋಡಿ ಹಾಕಿಕೊಳ್ಳಿ. ಕೆಳಗಿನ ಹಂತಗಳೆಲ್ಲ ಆ ಲೆಕ್ಕದಲ್ಲೇ ಇವೆ.

ನೀವು ಮೈಸೂರಿನ ಕಾವಾ ಎಂಬ ದೃಶ್ಯಕಲಾ ಕಾಲೇಜಿನಲ್ಲಿರಲಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರಲಿ, ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿರಲಿ, ಕ್ರಮ ಒಂದೇ. ಮೈಸೂರು, ದಾವಣಗೆರೆಯವರಿಗೆ ಗರಡಿ ಹತ್ತಿರ. ಬೆಂಗಳೂರಿನವರಿಗೆ ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್, ಜಿಯು-ಜಿಟ್ಸು ಹೇಳಿಕೊಡುವ ಜಿಮ್‌ಗಳು ಸಿಗುತ್ತವೆ.

ಮೊದಲು ಬೇಕಾದ ಸಾಮಾನು

ಬಾಕ್ಸಿಂಗ್ ಆದರೆ 180 ಇಂಚಿನ, ಅಂದರೆ ಸುಮಾರು 4.5 ಮೀಟರ್ ಉದ್ದದ, ಕೈಗೆ ಸುತ್ತುವ ಬಟ್ಟೆಯ ಪಟ್ಟಿಯಾದ ಹ್ಯಾಂಡ್ ರ‍್ಯಾಪ್ ಎರಡು ಜೊತೆ. ಒಂದು ಒಗೆದು ಒಣಗುತ್ತಿರುವಾಗ ಇನ್ನೊಂದು ಬಳಕೆಗೆ. 108 ಇಂಚಿನದು ಅಗ್ಗಕ್ಕೆ ಸಿಗುತ್ತದೆ, ಆದರೆ ದೊಡ್ಡವರ ಕೈಗೆ ಮಣಿಕಟ್ಟಿಗೂ ಗೆಣ್ಣಿಗೂ ಒಟ್ಟಿಗೆ ಸಾಲುವುದಿಲ್ಲ. ಬ್ಯಾಗಿಗೆ 12 ಅಥವಾ 14 ಔನ್ಸ್ ಗ್ಲೌಸ್, ಸ್ಪಾರಿಂಗ್‌ಗೆ 16 ಔನ್ಸ್. ಸ್ಪಾರಿಂಗ್ ಎಂದರೆ ಜೊತೆಗಾರನೊಂದಿಗೆ ನಿಯಂತ್ರಣದಲ್ಲಿ ಆಡುವ ಅಭ್ಯಾಸದ ಕಾದಾಟ. ಹಲ್ಲಿಗೆ ಮೌತ್ ಗಾರ್ಡ್. ಜೂಡೋ, ಜಿಯು-ಜಿಟ್ಸುಗೆ ಬೆರಳಿಗೆ ಸುತ್ತಲು 1 ಸೆಂ.ಮೀ. ಅಗಲದ ಸ್ಪೋರ್ಟ್ಸ್ ಟೇಪ್. ಎಲ್ಲರಿಗೂ ಬೇಕಾದದ್ದು ಉಗುರು ಕತ್ತರಿ, ದಪ್ಪ ರಬ್ಬರ್ ಬ್ಯಾಂಡ್, 0.1 ಎಂ.ಎಂ. ಪೆನ್ನು, ಒಂದು ಹಾಳೆ. ಪೆನ್ನು ಯಾಕೆಂದು ಮೂರನೇ ಹಂತದಲ್ಲಿ ಹೇಳುತ್ತೇವೆ.

ಹಂತ 1: ನಿಮ್ಮ ವಿಭಾಗಕ್ಕೆ ಹೊಂದುವ ಕ್ರೀಡೆ ಆರಿಸಿ

ಫೌಂಡೇಶನ್ ವರ್ಷದಲ್ಲಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡುತ್ತೀರಿ, ಆಗ ಯಾವ ಕ್ರೀಡೆಯಾದರೂ ನಡೆಯುತ್ತದೆ. ವಿಭಾಗ ಆರಿಸಿದ ಮೇಲೆ ಯೋಚಿಸಬೇಕು.

ಶಿಲ್ಪಕಲೆಯವರು ದಿನವಿಡೀ ಸುತ್ತಿಗೆ, ಉಳಿ ಹಿಡಿಯುತ್ತಾರೆ. ಹಿಡಿತದ ಸ್ನಾಯುಗಳು ಮುಂದೋಳಿನಲ್ಲಿವೆ, ಕಲ್ಲು ಕೆತ್ತುವಾಗ ದಣಿಯುವುದೂ ಅವೇ. ಅವರು ಬಟ್ಟೆ ಹಿಡಿದು ಆಡುವ ಜೂಡೋಗೋ ಗೀ (ದಪ್ಪ ಬಟ್ಟೆಯ ಜಾಕೆಟ್) ಹಾಕಿದ ಜಿಯು-ಜಿಟ್ಸುಗೋ ಹೋದರೆ ಮೊಣಕೈಯ ಹೊರಬದಿಯಲ್ಲಿ ನೋವು ಶುರುವಾಗುವ ಸಂಭವ ಹೆಚ್ಚು. ಟೆನಿಸ್ ಎಲ್ಬೋ ಅನ್ನುವುದು ಇದನ್ನೇ. ಗ್ರಾಫಿಕ್ಸ್‌ನವರಿಗೂ ಇದೇ ಮಾತು: ಅಚ್ಚುಚಿತ್ರಕ್ಕೆ ಪ್ಲೇಟ್ ಕೊರೆಯುವುದು, ಪ್ರೆಸ್ಸಿನ ಚಕ್ರ ತಿರುಗಿಸುವುದು ಎಲ್ಲ ಹಿಡಿತದ ಕೆಲಸ. ಇವರಿಬ್ಬರಿಗೂ ಟೇಕ್ವಾಂಡೋ, ಕಿಕ್‌ಬಾಕ್ಸಿಂಗ್ ಅಥವಾ ಗೀ ಇಲ್ಲದ ಕುಸ್ತಿ ವಾಸಿ.

ಪೇಂಟಿಂಗ್, ಅಪ್ಲೈಡ್ ಆರ್ಟ್‌ನವರಿಗೆ ಹಿಡಿತದ ದಣಿವು ಕಡಿಮೆ, ನಡುಕವೇ ಶತ್ರು. ಅವರಿಗೆ ಬಾಕ್ಸಿಂಗ್ ಆಗುತ್ತದೆ, ಆದರೆ ಗೆಣ್ಣು ಮತ್ತು ಮಣಿಕಟ್ಟಿನ ಬಗ್ಗೆ ಮಡಿವಂತಿಕೆ ಇರಬೇಕು. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ ಕಲಿಯುವವರು ಗೆಸ್ಸೋ, ಅಂದರೆ ಉಬ್ಬು ಗೆರೆಯ ಲೇಪ, ಎಳೆಯುವ ದಿನಗಳಲ್ಲಿ ಬ್ಯಾಗಿನ ಹತ್ತಿರವೂ ಹೋಗದಿರುವುದು ಒಳ್ಳೆಯದು. ಆ ಉಬ್ಬು ಗೆರೆ ಒಮ್ಮೆ ಅಲುಗಾಡಿದರೆ ಅದರ ಮೇಲೆ ಚಿನ್ನದ ರೇಕು ಅಂಟಿಸಿದಾಗ ತಪ್ಪು ಇನ್ನೂ ಎದ್ದು ಕಾಣುತ್ತದೆ.

ಹಂತ 2: ವಾರ ಹೊಂದಿಸಿ

ನಿಯಮ ಒಂದೇ. ಕೈಗೆ ಹೊರೆ ಬೀಳುವ ತರಬೇತಿ ಸಂಜೆಗೆ, ಕಾಲು, ಬೆನ್ನು ಮತ್ತು ಉಸಿರಿನ ಕೆಲಸ ಬೆಳಿಗ್ಗೆಗೆ. ಸಂಜೆ 7ಕ್ಕೆ ಬ್ಯಾಗ್ ಮುಗಿಸಿದರೆ ಮರುದಿನ 10ರ ಲೈಫ್ ಸ್ಟಡಿಗೆ, ಅಂದರೆ ಮಾಡೆಲ್ ನೋಡಿ ಬರೆಯುವ ತರಗತಿಗೆ, ಕೈಗೆ 15 ಗಂಟೆ ಬಿಡುವು ಸಿಕ್ಕಿರುತ್ತದೆ.

ಒಂದು ಮಾದರಿ ವಾರ:

ಸೋಮವಾರ ಸಂಜೆ: ತಂತ್ರದ ತರಗತಿ, 60 ನಿಮಿಷ.
ಮಂಗಳವಾರ ಬೆಳಿಗ್ಗೆ: ಶಕ್ತಿ ವ್ಯಾಯಾಮ, 40 ನಿಮಿಷ.
ಬುಧವಾರ ಸಂಜೆ: ತಂತ್ರ, ಜೊತೆಗೆ ಬ್ಯಾಗ್ ಅಥವಾ ಪಟ್ಟುಗಳ ಅಭ್ಯಾಸ, 75 ನಿಮಿಷ.
ಗುರುವಾರ: ಬಿಡುವು.
ಶುಕ್ರವಾರ ಬೆಳಿಗ್ಗೆ: ಶಕ್ತಿ ವ್ಯಾಯಾಮ ಅಥವಾ ಓಟ, 40 ನಿಮಿಷ.
ಶನಿವಾರ ಸಂಜೆ: ಸ್ಪಾರಿಂಗ್.
ಭಾನುವಾರ: ಬಿಡುವು.

ಸ್ಪಾರಿಂಗ್ ಶನಿವಾರವೇ ಇರಲಿ. ಬೆರಳು ಉಳುಕಿದರೂ ತಲೆಗೆ ಪೆಟ್ಟಾದರೂ ಭಾನುವಾರವಿಡೀ ಗಮನಿಸಲು ಸಿಗುತ್ತದೆ. ಬುಧವಾರ ಸ್ಪಾರಿಂಗ್ ಮಾಡಿ ಗುರುವಾರ ಸ್ಟುಡಿಯೋದಲ್ಲಿ ತಲೆ ಭಾರ ಎಂದು ಕೂತವರು ಅದು ನಿದ್ದೆಗೆಟ್ಟದ್ದೋ ಟರ್ಪೆಂಟೈನ್ ವಾಸನೆಯೋ ಪೆಟ್ಟೋ ಎಂದು ಹೇಳಲಾರರು.

ಗರಡಿಯಲ್ಲಿ ಸಾಮು ಬೆಳಿಗ್ಗೆ ಮಾತ್ರ ಇದ್ದರೆ ಕಲಾ ಇತಿಹಾಸದಂಥ ಥಿಯರಿ ತರಗತಿ ಮೊದಲು ಬರುವ ದಿನಗಳನ್ನು ಆರಿಸಿಕೊಳ್ಳಿ. ಸ್ಲೈಡ್ ಹಾಕಿ ದೀಪ ಆರಿಸಿದಾಗ ನಿದ್ದೆ ಬರುತ್ತದೆ, ನಿಜ. ಹಿಂದಿನ ರಾತ್ರಿ 10ಕ್ಕೆ ಮಲಗುವುದು ಬಿಟ್ಟು ಅದಕ್ಕೆ ಬೇರೆ ಉಪಾಯವಿಲ್ಲ.

ಹಂತ 3: ಗೆರೆ ಪರೀಕ್ಷೆ

ತರಬೇತಿಯ ನಂತರ ಎಷ್ಟು ಹೊತ್ತು ಕೈ ನಡುಗುತ್ತದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ. ಊಹಿಸುವ ಬದಲು ಅಳೆದುಬಿಡಿ.

ತರಬೇತಿಗೆ ಹೋಗುವ ಮುನ್ನ 0.1 ಪೆನ್ನಿನಲ್ಲಿ, ಸ್ಕೇಲ್ ಇಲ್ಲದೆ, 10 ಸೆಂ.ಮೀ. ಉದ್ದದ 20 ಗೆರೆಗಳನ್ನು 2 ಮಿ.ಮೀ. ಅಂತರದಲ್ಲಿ ಎಳೆಯಿರಿ. ಮಣಿಕಟ್ಟು ಮೇಜಿಗೆ ತಾಗಿರಲಿ. ತರಬೇತಿ ಮುಗಿದ ಅರ್ಧ ಗಂಟೆಗೆ, 2 ಗಂಟೆಗೆ, ಮರುದಿನ ಬೆಳಿಗ್ಗೆ ಹಾಗೆಯೇ ಮತ್ತೆ ಎಳೆಯಿರಿ. ಹಾಳೆಯಲ್ಲಿ ದಿನಾಂಕ, ಮಾಡಿದ ತರಬೇತಿ ಬರೆದಿಡಿ. ದಣಿದ ಕೈಯ ಗೆರೆ ಶುರುವಿನಲ್ಲಿ ಚೆನ್ನಾಗಿದ್ದು ಕೊನೆಯ 3 ಸೆಂ.ಮೀ.ನಲ್ಲಿ ಗರಗಸದಂತೆ ಆಗುತ್ತದೆ, ಅಂತರವೂ ತಪ್ಪುತ್ತದೆ.

ಎರಡು ವಾರ ಮಾಡಿದರೆ ನಿಮ್ಮ ಲೆಕ್ಕ ಸಿಗುತ್ತದೆ. 2 ಗಂಟೆಯಲ್ಲಿ ಗೆರೆ ನೆಟ್ಟಗಾಗುತ್ತಿದ್ದರೆ ರಾತ್ರಿ ಅಕ್ಷರ ವಿನ್ಯಾಸದಂಥ ಕೆಲಸಕ್ಕೂ ಕೂರಬಹುದು. ಮರುದಿನ ಬೆಳಿಗ್ಗೆಯೂ ಗೆರೆ ಕುಣಿಯುತ್ತಿದ್ದರೆ ತರಬೇತಿಯ ಹೊರೆ ಜಾಸ್ತಿಯಾಗಿದೆ, ಮುಂದಿನ ವಾರ ಸುತ್ತುಗಳನ್ನು ಮೂರನೇ ಒಂದು ಭಾಗ ಇಳಿಸಿ.

ದಣಿದ ಸಂಜೆ ಏನು ಮಾಡಬಹುದು? ಕ್ಯಾನ್ವಾಸಿಗೆ ಪ್ರೈಮರ್ ಹಚ್ಚುವುದು, ಜೇಡಿಮಣ್ಣು ಹದ ಮಾಡುವುದು, ರೆಫರೆನ್ಸ್ ಹುಡುಕುವುದು, ದೊಡ್ಡ ಹಾಳೆಯಲ್ಲಿ ಭುಜದಿಂದ ಎಳೆಯುವ ಸ್ಕೆಚ್. ಮೌಂಟ್ ಬೋರ್ಡ್ ಕತ್ತರಿಸುವುದು ಮಾತ್ರ ಬೇಡ. ದಣಿದ ಕೈ, ಹೊಸ ಬ್ಲೇಡ್, ಸ್ಟೀಲ್ ಸ್ಕೇಲ್ ಮೂರೂ ಸೇರಿದರೆ ಎಡಗೈ ಹೆಬ್ಬೆರಳು ಕುಯ್ದುಕೊಳ್ಳುವುದು ಸುಲಭ.

ಹಂತ 4: ಕೈ ಕಟ್ಟಿಕೊಳ್ಳಲು ಸರಿಯಾಗಿ ಕಲಿಯಿರಿ

ಬಾಕ್ಸಿಂಗ್‌ನವರು ಇದನ್ನು ಅವಸರದಲ್ಲಿ ಮುಗಿಸುತ್ತಾರೆ. ಕಲಾ ವಿದ್ಯಾರ್ಥಿಗೆ ಇದೇ ಮುಖ್ಯ ಹಂತ.

ಬೆರಳುಗಳನ್ನು ಅಗಲಿಸಿ ಹಿಡಿಯಿರಿ. ಕುಣಿಕೆಯನ್ನು ಹೆಬ್ಬೆರಳಿಗೆ ಹಾಕಿ ಪಟ್ಟಿಯನ್ನು ಹಿಂಗೈ ಮೇಲಿಂದ ಮಣಿಕಟ್ಟಿಗೆ ತನ್ನಿ. ಮಣಿಕಟ್ಟಿಗೆ 3 ಸುತ್ತು. ಹಿಂಗೈ ಮೇಲೆ ಓರೆಯಾಗಿ ಏರಿಸಿ ಗೆಣ್ಣುಗಳ ಮೇಲೆ 3 ಸುತ್ತು. ಮತ್ತೆ ಮಣಿಕಟ್ಟಿಗೆ ಬಂದು ಕಿರುಬೆರಳು ಮತ್ತು ಉಂಗುರ ಬೆರಳಿನ ನಡುವೆ ಒಮ್ಮೆ ತೂರಿಸಿ ಮಣಿಕಟ್ಟಿಗೆ ತನ್ನಿ. ಹಾಗೆಯೇ ಉಂಗುರ ಮತ್ತು ನಡುಬೆರಳಿನ ನಡುವೆ, ನಡುಬೆರಳು ಮತ್ತು ತೋರುಬೆರಳಿನ ನಡುವೆ. ಹೆಬ್ಬೆರಳಿಗೆ ಒಂದು ಸುತ್ತು. ಉಳಿದದ್ದು ಗೆಣ್ಣಿನ ಮೇಲೆ ಇನ್ನೊಂದೆರಡು ಸುತ್ತು ಹೋಗಿ ಮಣಿಕಟ್ಟಿನಲ್ಲಿ ಮುಗಿಯಲಿ.

ಮುಷ್ಟಿ ಕಟ್ಟಿದಾಗ ಬಿಗಿ, ಕೈ ಬಿಚ್ಚಿದಾಗ ಆರಾಮ, ಹೀಗಿದ್ದರೆ ಸರಿ. ಬೆರಳ ತುದಿ ಜುಮ್ಮೆಂದರೆ, ನೀಲಿಗಟ್ಟಿದರೆ ಬಿಚ್ಚಿ ಮತ್ತೆ ಸುತ್ತಿ. ಮುಷ್ಟಿ ಕಟ್ಟಿ ಸುತ್ತುವವರ ಪಟ್ಟಿ ಎರಡನೇ ರೌಂಡಿಗೆ ಸಡಿಲವಾಗುತ್ತದೆ.

ಏಟು ತಾಗಬೇಕಾದದ್ದು ತೋರುಬೆರಳು, ನಡುಬೆರಳುಗಳ ಗೆಣ್ಣಿನಲ್ಲಿ, ಮಣಿಕಟ್ಟು ಮುಂದೋಳಿನ ನೇರಕ್ಕೆ. ಬೀಸಿ ಹೊಡೆದ ಏಟು ಕಿರುಬೆರಳ ಗೆಣ್ಣಿಗೆ ಬೀಳುತ್ತದೆ. ಆ ಬೆರಳಿನ ಅಂಗೈ ಮೂಳೆ ತೆಳು, ಕತ್ತಿನ ಭಾಗದಲ್ಲಿ ಮುರಿಯುತ್ತದೆ. ಇದಕ್ಕೇ ಬಾಕ್ಸರ್ಸ್ ಫ್ರಾಕ್ಚರ್ ಎನ್ನುತ್ತಾರೆ. ಬಲಗೈಯವರ ನಿಲುವಿನಲ್ಲಿ ಬಲಗೈ ಹಿಂದಿರುತ್ತದೆ, ಜೋರು ಏಟು ಅದರದ್ದೇ, ಚಿತ್ರ ಬರೆಯುವ ಕೈಯೂ ಅದೇ. ಆದ್ದರಿಂದ ಮೊದಲ 6 ವಾರ ಬ್ಯಾಗಿಗೆ ಬಲಗೈಯನ್ನು ಅರ್ಧ ಬಲದಲ್ಲಿ ಮಾತ್ರ ಬಿಡಿ. 2 ನಿಮಿಷದ 3 ಸುತ್ತುಗಳಿಂದ ಶುರು ಮಾಡಿ. ಕೋಚ್‌ಗೆ ಮೊದಲ ದಿನವೇ ನಿಮ್ಮ ಓದು ಏನೆಂದು ಹೇಳಿಬಿಡಿ.

ಹಳೆಯ ಬ್ಯಾಗ್ ಬಗ್ಗೆ ಎಚ್ಚರ. ಒಳಗಿನ ಬಟ್ಟೆ ಚೂರು ತಳಕ್ಕೆ ಕೂತು ಕೆಳಭಾಗ ಕಲ್ಲಿನಂತಾಗಿರುತ್ತದೆ. ಅಂಗೈಯಲ್ಲಿ ಒತ್ತಿ ನೋಡಿ, ಮೆತ್ತಗಿರುವ ಜಾಗಕ್ಕೆ ಮಾತ್ರ ಹೊಡೆಯಿರಿ. ಮುಷ್ಟಿ ಗಟ್ಟಿಯಾಗಲಿ ಎಂದು ಗೋಡೆಗೆ ಗುದ್ದುವುದು, ಸಿಮೆಂಟ್ ನೆಲದಲ್ಲಿ ಗೆಣ್ಣೂರಿ ದಂಡ ಹೊಡೆಯುವುದು ಯಾರು ಹೇಳಿದರೂ ಬೇಡ.

ಹಂತ 5: ಹಿಡಿತದ ಆಟಗಳಲ್ಲಿ ಬೆರಳು, ಬೀಳುವ ಆಟಗಳಲ್ಲಿ ಮಣಿಕಟ್ಟು

ಜೂಡೋ, ಜಿಯು-ಜಿಟ್ಸುನಲ್ಲಿ ಎದುರಾಳಿ ನಿಮ್ಮ ಹಿಡಿತ ಕಿತ್ತುಹಾಕುವಾಗ ಬಟ್ಟೆ ಬಿಟ್ಟುಬಿಡಿ. ಹಟ ಹಿಡಿದರೆ ಉಳುಕುವುದು ಬೆರಳ ತುದಿಯ ಕೀಲು. ಉಳುಕಿದ ಬೆರಳನ್ನು ಪಕ್ಕದ ಬೆರಳಿಗೆ ಜೋಡಿಸಿ, ಕೀಲಿನ ಮೇಲೂ ಕೆಳಗೂ ಟೇಪ್ ಸುತ್ತಿ. ಕೀಲಿನ ಮೇಲೆಯೇ ಸುತ್ತಿದರೆ ಬೆರಳು ಮಡಚದು.

ಬೀಳುವುದನ್ನು ಮೊದಲ ತಿಂಗಳು ಬೇಸರವಾಗುವಷ್ಟು ಅಭ್ಯಾಸ ಮಾಡಿ. ಗದ್ದ ಎದೆಗೆ, ಬೆನ್ನು ದುಂಡಗೆ, ಅಂಗೈ ಮತ್ತು ಮುಂದೋಳು ಒಟ್ಟಿಗೆ ಮ್ಯಾಟ್‌ಗೆ ಬಡಿಯಬೇಕು. ಕೈ ಚಾಚಿ ಊರಿದರೆ ಮೈಭಾರವೆಲ್ಲ ಮಣಿಕಟ್ಟಿಗೆ. ಕೀಲಿಗೆ ಬೀಗ ಹಾಕುವ ಪಟ್ಟುಗಳಲ್ಲಿ ನೋವಾಗುವವರೆಗೆ ಕಾಯಬೇಡಿ, ಬೀಗ ಕೂತಿತು ಅನ್ನಿಸಿದ ಕೂಡಲೇ ತಟ್ಟಿ ಸೋಲೊಪ್ಪಿ. ಕೈ ಸಿಕ್ಕಿಹಾಕಿಕೊಂಡಿದ್ದರೆ ಕಾಲಲ್ಲಿ ತಟ್ಟಬಹುದು, ಬಾಯಲ್ಲಿ ಹೇಳಬಹುದು.

ಹಂತ 6: ಶಕ್ತಿ ವ್ಯಾಯಾಮ

ದಿನವಿಡೀ ಈಸಲ್ ಮುಂದೆ ನಿಂತವರಿಗೆ, ಡಾಂಕಿ ಬೆಂಚಿನಲ್ಲಿ ಬಾಗಿ ಕೂತವರಿಗೆ ಬೇಕಾದದ್ದು ಬೆನ್ನು ಮತ್ತು ಸೊಂಟದ ಬಲ. ಹೀಗಿರಲಿ:

ಬಸ್ಕಿ ಅಥವಾ ತೂಕದ ಸ್ಕ್ವಾಟ್: 8ರಂತೆ 3 ಸೆಟ್.
ಡೆಡ್‌ಲಿಫ್ಟ್: 6ರಂತೆ 3 ಸೆಟ್.
ಡಂಬೆಲ್ ರೋ, ಅಂದರೆ ಬಾಗಿ ಭಾರವನ್ನು ಪಕ್ಕೆಗೆ ಎಳೆಯುವುದು: 10ರಂತೆ 3.
ಪುಶ್‌ಅಪ್: ಹ್ಯಾಂಡಲ್ ಅಥವಾ ಡಂಬೆಲ್ ಹಿಡಿದು, ಮಣಿಕಟ್ಟು ಮಡಚದಂತೆ, 12ರಂತೆ 3.
ಕತ್ತು: ಹಣೆ, ಹಿಂದಲೆ, ಎರಡು ಪಕ್ಕ, ಪ್ರತಿಯೊಂದಕ್ಕೂ ಅಂಗೈಯಿಂದ ಒತ್ತಿ 10 ಸೆಕೆಂಡ್ ತಡೆಯುವುದು, 3 ಬಾರಿ.
ರಬ್ಬರ್ ಬ್ಯಾಂಡನ್ನು ಐದೂ ಬೆರಳಿಗೆ ಹಾಕಿ ಅಗಲಿಸುವುದು: 20ರಂತೆ 2.

ಕೊನೆಯದನ್ನು ಬಿಡಬೇಡಿ. ಕುಂಚವೂ ಮುಷ್ಟಿಯೂ ಬೆರಳು ಮಡಚುವ ಕೆಲಸ. ಬಿಚ್ಚುವ ಸ್ನಾಯುಗಳಿಗೆ ಯಾರೂ ಕೆಲಸ ಕೊಡುವುದಿಲ್ಲ. ಡೆಡ್‌ಲಿಫ್ಟ್‌ಗೆ ಲಿಫ್ಟಿಂಗ್ ಸ್ಟ್ರಾಪ್ ಬಳಸಿ, ಜಿಮ್‌ನ ಪಂಡಿತರು ನಕ್ಕರೆ ನಗಲಿ. ನಿಮ್ಮ ಹಿಡಿತಕ್ಕೆ ಕಾಲೇಜಿನಲ್ಲೇ ಬೇಕಾದಷ್ಟು ಕೆಲಸವಿದೆ. ಗರಡಿಯವರು ಗದೆ, ಮರದ ಕರೇಲ ತಿರುಗಿಸುವುದಾದರೆ ಹಗುರದಿಂದ ಶುರು ಮಾಡಿ, ಅದೂ ಹಿಡಿತದ ಲೆಕ್ಕಕ್ಕೇ ಸೇರುತ್ತದೆ.

ಹಂತ 7: ಚರ್ಮ, ಬಣ್ಣ, ಮಣ್ಣು

ಕಲಾ ಕಾಲೇಜೂ ಕಾದಾಟದ ಕ್ರೀಡೆಯೂ ಕೂಡುವ ಜಾಗ ಇದು, ಸಾಮಾನ್ಯ ಫಿಟ್‌ನೆಸ್ ಲೇಖನಗಳಲ್ಲಿ ಸಿಗದು.

ಕೈಗೆ ಹತ್ತಿದ ಆಯಿಲ್ ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೊಳೆಯಬೇಡಿ. ಅದು ಚರ್ಮದ ಜಿಡ್ಡು ತೆಗೆದು ಬಿರುಕು ಬಿಡಿಸುತ್ತದೆ, ಮ್ಯಾಟ್ ಮೇಲಿನ ಸೋಂಕು ಒಳಗೆ ಹೋಗುವುದು ಆ ಬಿರುಕಿನಿಂದಲೇ. ಅಡುಗೆ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು. ಪ್ಲಾಸ್ಟರ್ ಆಫ್ ಪ್ಯಾರಿಸ್, ಜೇಡಿಮಣ್ಣಿನಲ್ಲಿ ಕೆಲಸ ಮಾಡಿದ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ಗೆಣ್ಣು ಸುಲಿದಿದ್ದರೆ ಆಸಿಡ್‌ನಲ್ಲಿ ಪ್ಲೇಟ್ ಕೊರೆಯುವ ಎಚಿಂಗ್ ರೂಮಿಗೆ ನೈಟ್ರೈಲ್ ಕೈಗವಸು ಇಲ್ಲದೆ ಹೋಗಬೇಡಿ. ಆಸಿಡ್ ಮೊದಲು ಹುಡುಕುವುದು ಅದೇ ಗಾಯವನ್ನು.

ತರಬೇತಿಗೆ ಮುಂಚೆ ಸ್ಟುಡಿಯೋದಲ್ಲೇ ಬಾಳೆಹಣ್ಣು ತಿನ್ನುವ ಅಭ್ಯಾಸ ಬಹಳ ಜನಕ್ಕಿದೆ. ಕ್ಯಾಡ್ಮಿಯಂ ಹಳದಿ, ಕೆಂಪು ಬಳಸಿದ ಕೈಯಲ್ಲಿ ಸಿಪ್ಪೆ ಸುಲಿದರೆ ಬಣ್ಣ ಹೊಟ್ಟೆಗೆ ಹೋಗುತ್ತದೆ. ಕೈ ತೊಳೆದು ಹೊರಗೆ ಬಂದು ತಿನ್ನಿ. ಕಲ್ಲು ಕೆತ್ತುವವರು ಎನ್95 ಮಾಸ್ಕ್ ಹಾಕಲೇಬೇಕು. ಕಲ್ಲಿನ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ, ಸ್ಟ್ಯಾಮಿನಾ ಎಷ್ಟು ಬೆಳೆಸಿದರೂ ಅದಕ್ಕೆ ಪರಿಹಾರವಿಲ್ಲ.

ಮೈಮೇಲೆ ನವೆಯಿರುವ, ಅಂಚು ಕೆಂಪಾಗಿ ನಡುವೆ ತಿಳಿಯಾದ ಉಂಗುರದಂಥ ಮಚ್ಚೆ ಕಂಡರೆ ಅದು ಹುಳುಕಡ್ಡಿ. ವಾಸಿಯಾಗುವವರೆಗೆ ಮ್ಯಾಟ್‌ಗೂ ಗರಡಿಯ ಮಟ್ಟಿಗೂ ಇಳಿಯಬೇಡಿ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸ್ಟೀರಾಯ್ಡ್ ಬೆರೆತ ಮುಲಾಮು ಕೊಡುವುದುಂಟು. ಎರಡು ದಿನ ನವೆ ನಿಂತು, ಸೋಂಕು ಒಳಗೊಳಗೇ ಹಬ್ಬುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ. ಗರಡಿಯ ಮಣ್ಣು, ಶಿಲ್ಪ ವಿಭಾಗದ ತುಕ್ಕು ತಂತಿ ಎರಡನ್ನೂ ಮುಟ್ಟುವವರು ಟೆಟನಸ್ ಚುಚ್ಚುಮದ್ದು ಹಾಕಿಸಿ 10 ವರ್ಷ ಕಳೆದಿದೆಯೇ ನೋಡಿಕೊಳ್ಳಿ.

ಹಂತ 8: ಊಟ, ನಿದ್ದೆ

ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ತೂಕಕ್ಕೆ 96 ಗ್ರಾಂ. ಹಾಸ್ಟೆಲ್ ಊಟದಲ್ಲೂ ಆಗುತ್ತದೆ: 3 ಮೊಟ್ಟೆ 18 ಗ್ರಾಂ, ಅರ್ಧ ಲೀಟರ್ ಹಾಲು 16, ಒಣ ಸೋಯಾ ಚಂಕ್ಸ್ 50 ಗ್ರಾಂನಲ್ಲಿ 26, 50 ಗ್ರಾಂ ಹುರುಳಿಯಲ್ಲಿ 11, 40 ಗ್ರಾಂ ಕಡಲೇಬೀಜದಲ್ಲಿ 10. ಉಳಿದದ್ದು ಮುದ್ದೆ, ಅನ್ನ, ಬೇಳೆ ಸಾರಿನಿಂದ ಬರುತ್ತದೆ. ಭಾರೀ ಊಟ ತರಬೇತಿಗೆ ಎರಡು-ಮೂರು ಗಂಟೆ ಮುಂಚೆ ಮುಗಿದಿರಲಿ.

ಕಾಲೇಜಿನ ಕೆಲಸ ಒಪ್ಪಿಸುವ ಸಬ್‌ಮಿಷನ್ ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರೆ ಮರುದಿನ ಸ್ಪಾರಿಂಗ್ ಇಲ್ಲ. ಬೇಕಿದ್ದರೆ ನಡೆಯಿರಿ, ಮೈ ಸಡಿಲಿಸಿ. ನಿದ್ದೆಯಿಲ್ಲದ ಕಣ್ಣಿಗೆ ಬರುವ ಏಟು ತಡವಾಗಿ ಕಾಣುತ್ತದೆ.

ಹಂತ 9: ಕಣ್ಣು, ತಲೆ, ಮೂಳೆ: ಯಾವಾಗ ಡಾಕ್ಟರ ಹತ್ತಿರ ಓಡಬೇಕು

ಕಣ್ಣಿನ ಪವರ್ ಮೈನಸ್ 6 ದಾಟಿದ್ದರೆ ತಲೆಗೆ ಏಟು ಬೀಳುವ ಕ್ರೀಡೆಗೆ ಸೇರುವ ಮುನ್ನ ರೆಟಿನಾ ಪರೀಕ್ಷೆ ಮಾಡಿಸಿ. ಹೆಚ್ಚು ಪವರ್ ಇದ್ದವರ ರೆಟಿನಾ ತೆಳುವಾಗಿದ್ದು ಹರಿಯುವ ಸಂಭವ ಜಾಸ್ತಿ. ಮಿಂಚು ಹೊಳೆದಂತೆ, ಕಪ್ಪು ಚುಕ್ಕಿಗಳು ಏಕಾಏಕಿ ತೇಲಿದಂತೆ, ಪರದೆ ಇಳಿದಂತೆ ಕಂಡರೆ ಅದೇ ದಿನ ಕಣ್ಣಾಸ್ಪತ್ರೆ. ಕನ್ನಡಕ ಬಿಡಲು ಲೇಸರ್ ಚಿಕಿತ್ಸೆಯ ಯೋಚನೆಯಿದ್ದರೆ ನಿಮ್ಮ ಕ್ರೀಡೆ ಯಾವುದೆಂದು ಮೊದಲೇ ಹೇಳಿ. ಲ್ಯಾಸಿಕ್‌ನಲ್ಲಿ ಕಾರ್ನಿಯಾದ ಪದರವೊಂದನ್ನು ಎತ್ತಿ ಮುಚ್ಚುತ್ತಾರೆ, ಪೆಟ್ಟಿಗೆ ಅದು ಸರಿಯಬಹುದು. ಪಿಆರ್‌ಕೆ ವಿಧಾನದಲ್ಲಿ ಆ ಪದರದ ಗೊಡವೆಯಿಲ್ಲ.

ತಲೆಗೆ ಪೆಟ್ಟಾದ ಮೇಲೆ ತಲೆನೋವು, ಬೆಳಕು ಕುಕ್ಕುವುದು, ಮಂಕು ಇದ್ದರೆ ಅದು ಕನ್‌ಕಷನ್, ಮಿದುಳಿಗೆ ಆದ ಅಲುಗಾಟ. ಆ ದಿನದ ಆಟ ಅಲ್ಲಿಗೇ ನಿಲ್ಲಿಸಿ. ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ಆಮೇಲೆ ಹಂತ ಹಂತವಾಗಿ ವ್ಯಾಯಾಮ, ಡಾಕ್ಟರ್ ಒಪ್ಪುವವರೆಗೆ ಸ್ಪಾರಿಂಗ್ ಇಲ್ಲ. ಪದೇ ಪದೇ ವಾಂತಿಯಾದರೆ, ಎಬ್ಬಿಸಲಾಗದಷ್ಟು ನಿದ್ದೆ ಬಂದರೆ, ಒಂದು ಕಣ್ಣಿನ ಪಾಪೆ ಮಾತ್ರ ದೊಡ್ಡದಾದರೆ ತಡಮಾಡದೆ ಎಮರ್ಜೆನ್ಸಿಗೆ ಕರೆದೊಯ್ಯಬೇಕು.

ಕೈಯದ್ದು ನಾಲ್ಕು ಲಕ್ಷಣ ನೆನಪಿಡಿ. ಹೆಬ್ಬೆರಳ ಬುಡದ ಗುಳಿಯಲ್ಲಿ ಒತ್ತಿದರೆ ನೋವು: ಸ್ಕ್ಯಾಫಾಯ್ಡ್ ಎಂಬ ಸಣ್ಣ ಮೂಳೆ ಮುರಿದಿರಬಹುದು. ಮೊದಲ ಎಕ್ಸ್‌ರೇನಲ್ಲಿ ಕಾಣದೆಯೂ ಇರಬಹುದು, ನೋವು ಉಳಿದರೆ 10ರಿಂದ 14 ದಿನಕ್ಕೆ ಮತ್ತೆ ತೆಗೆಸಿ. ಕಿರುಬೆರಳ ಗೆಣ್ಣು ಒಳಗೆ ಕುಸಿದಂತೆ ಕಾಣುವುದು: ಮೂಳೆ ಮುರಿತ. ಬೆರಳ ತುದಿ ನೆಟ್ಟಗಾಗದಿರುವುದು: ಸ್ಪ್ಲಿಂಟ್ ಹಾಕಿ 6ರಿಂದ 8 ವಾರ ಒಮ್ಮೆಯೂ ಮಡಚದಂತೆ ಇಡಬೇಕಾಗುತ್ತದೆ. ಬೆರಳ ತುದಿ ಮಡಚಲಾಗದಿರುವುದು: ಸ್ನಾಯುರಜ್ಜು ಹರಿದಿರಬಹುದು. ಇದು ಒಂದು ವಾರದೊಳಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದಾದ ಗಾಯ, ಊತ ಇಳಿಯಲಿ ಎಂದು ಕಾಯುವಂತಿಲ್ಲ. ಎಕ್ಸ್‌ರೇ ಆಗುವ ಮುಂಚೆ ಬೆರಳು ಎಳೆಯುವುದು, ನೀವುವುದು, ನಾಟಿ ಕಟ್ಟು ಹಾಕಿಸುವುದು ಬೇಡ. ಚಿತ್ರ ಬರೆಯುವ ಕೈ ಇದು ಎಂದು ಮೂಳೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಹಂತ 10: ಸಬ್‌ಮಿಷನ್, ಸ್ಪರ್ಧೆ, ಹಾಜರಾತಿ

ಸೆಮಿಸ್ಟರ್ ಶುರುವಿನಲ್ಲೇ ಇಂಟರ್ನಲ್, ಡಿಸ್‌ಪ್ಲೇ, ಪರೀಕ್ಷೆ ದಿನಾಂಕಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತಿಸಿ ಹಿಂದಿನಿಂದ ಲೆಕ್ಕ ಹಾಕಿ. ಸಬ್‌ಮಿಷನ್‌ಗೆ ಮುಂಚಿನ 2 ವಾರ ಸ್ಪಾರಿಂಗ್ ನಿಲ್ಲಿಸಿ, ವಾರಕ್ಕೆ 2 ಬಾರಿ 30-40 ನಿಮಿಷ ಮಾತ್ರ ಮಾಡಿ. ಎತ್ತುವ ತೂಕ ಹಾಗೇ ಇರಲಿ, ಸೆಟ್‌ಗಳನ್ನು ಕಡಿಮೆ ಮಾಡಿ, ಕಸುವು ಉಳಿಯುತ್ತದೆ. ಬೆಂಗಳೂರಿನವರಿಗೆ ಜನವರಿಯ ಚಿತ್ರಸಂತೆಗೆ ಕೆಲಸ ಮಾಡುವ ಡಿಸೆಂಬರ್ ಕೂಡ ಇಂಥದ್ದೇ ತಿಂಗಳು. ಮೈಸೂರಿನಲ್ಲಿ ದಸರಾ ಕುಸ್ತಿಗೆ ಹೆಸರು ಕೊಡುವವರು ರಜೆ ಮುಗಿದ ಮೊದಲ ವಾರ ಯಾವ ಸಬ್‌ಮಿಷನ್ ಇದೆ ಎಂದು ಮೊದಲು ನೋಡಿಕೊಳ್ಳಿ.

ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಹೋಗುವ ಆಸೆಯಿದ್ದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ವರ್ಷದ ಮೊದಲ ತಿಂಗಳಲ್ಲೇ ಕಾಣಿ. ಆಯ್ಕೆ ಟ್ರಯಲ್ಸ್ ವಿಶ್ವವಿದ್ಯಾಲಯ ಮಟ್ಟದಲ್ಲಿ ನಡೆಯುತ್ತವೆ, ಕಲಾ ಕಾಲೇಜಿಗೆ ಸುತ್ತೋಲೆ ತಡವಾಗಿ ಬರುವುದುಂಟು. ಹೋಗುವ ಮುನ್ನ ಹಾಜರಾತಿ ವಿನಾಯಿತಿಯ ಪತ್ರ ಬರೆದು ವಿಭಾಗದ ಮುಖ್ಯಸ್ಥರ ಸಹಿ ಪಡೆಯಿರಿ, ಒಂದು ಪ್ರತಿ ನಿಮ್ಮಲ್ಲಿರಲಿ. ತೂಕದ ವರ್ಗ ಆರಿಸುವಾಗ ಈಗಿರುವ ತೂಕಕ್ಕೇ ಹೆಸರು ಕೊಡಿ. ನೀರು ಬಿಟ್ಟು 4 ಕಿಲೋ ಇಳಿಸುತ್ತಾ ಲೈಫ್ ಸ್ಟಡಿಯಲ್ಲಿ ನಿಂತರೆ ತಲೆ ಸುತ್ತುತ್ತದೆ. ಸ್ಪರ್ಧೆಯಿಂದ ಬಂದ ಮರುದಿನಕ್ಕೇ ಪ್ರೆಸ್ಸಿನಲ್ಲಿ ಪ್ರಿಂಟ್ ತೆಗೆಯುವ ಸರದಿ ಹಾಕಿಸಿಕೊಳ್ಳಬೇಡಿ, ಕನಿಷ್ಠ 3 ದಿನ ಬಿಟ್ಟು ಹೆಸರು ಬರೆಸಿ.